ಸರ್ ಹೊಡೆದುಹಾಕಿದ ಮೋಡ

ಶಾಲೆಯ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಅಂತ ಫೋನ್ ಬಂದಾಗ ನನಗೆ ಮೊದಲು ನೆನಪಾದದ್ದು ನನ್ನದೇ ಅಕ್ಷರ. ಒಂಬತ್ತನೇ ಇಯತ್ತೆಯಲ್ಲಿ ನನ್ನ ಹತ್ತಿರ ಇದ್ದ ಆಸ್ತಿ ಅದೊಂದೇ. ಗಣಿತದಲ್ಲಿ 35ರ ಗೆರೆ ದಾಟಲು ಏದುಸಿರು ಬಿಡುತ್ತಿದ್ದೆ. ಒಂದು ದಿನ ಇತಿಹಾಸದ ಸರ್ ನನ್ನ ವಹಿ ತಿರುವಿ ಹಾಕಿ, "ಉತ್ತರ ಎಲ್ಲಾ ತಪ್ಪು. ಆದ್ರ ಅಕ್ಷರ ಛಂದ ಅವ. ಐತವಾರ ಮನೀಗೆ ಬಾ, ಕೆಲಸ ಅದ" ಅಂದರು.

ಮನೆ ಅಂದರೆ ಪುಣೆಯ ನಾರಾಯಣ ಪೇಠೆಯ ಹಳೇ ವಾಡೆಯೊಂದರ ಮಹಡಿ. ಕೆಲಸ ಅಂದರೆ ಅವರ ಹಸ್ತಪ್ರತಿಯನ್ನು ಚೊಕ್ಕ ಮಾಡಿ ಬರೆಯುವುದು. ಅವರ ಕೈಬರಹ ಧಾರವಾಡದ ಪ್ರಕಾಶಕರಿಗೆ ತಿಳಿಯುತ್ತಿರಲಿಲ್ಲ. ಹೀಗೆ ನಾಲ್ಕು ವರ್ಷ, ಒಂದು ಬಟ್ಟಲು ಅವಲಕ್ಕಿ ಮತ್ತು ಎರಡು ಕಪ್ ಚಹಾದ ಸಂಬಳಕ್ಕೆ, ನಾನು ಒಬ್ಬ ಯುದ್ಧ ಇತಿಹಾಸಕಾರರ ಗುಮಾಸ್ತನಾಗಿದ್ದೆ. ಅವರು ಕಾದಂಬರಿಕಾರರೂ ಹೌದು ಅನ್ನುವುದು ಮೂರನೇ ಐತವಾರ ಗೊತ್ತಾಯಿತು.

ಶಾಲೆಗೆ ಬರುವ ಮುಂಚೆ ಸರ್ ಸೈನ್ಯದ ಎಜುಕೇಷನ್ ಕೋರ್‌ನಲ್ಲಿ ಹವಾಲ್ದಾರರಾಗಿದ್ದರು. ಜವಾನರಿಗೆ ಓದು ಬರಹ ಕಲಿಸುವುದು, ನಕಾಶೆ ಓದುವುದನ್ನು ಹೇಳಿಕೊಡುವುದು ಅವರ ಪಾಲಿನ ಯುದ್ಧ. ಪಿಂಚಣಿ ಹಿಡಿದುಕೊಂಡು ಪುಣೆಯಲ್ಲೇ ನಿಂತು, ಬಿ.ಎಡ್. ಮಾಡಿ ನಮ್ಮ ಶಾಲೆ ಸೇರಿದರು. ಉಳಿದ ಹೊತ್ತೆಲ್ಲ ಸದಾಶಿವ ಪೇಠೆಯ ಭಾರತ ಇತಿಹಾಸ ಸಂಶೋಧಕ ಮಂಡಳ, ಇಲ್ಲವೇ ಪೇಶ್ವೆ ದಫ್ತರ. ಅಲ್ಲಿಯ ಕಾಗದಗಳು ಬಟ್ಟೆಯ ರುಮಾಲುಗಳಲ್ಲಿ ಗಂಟು ಕಟ್ಟಿಟ್ಟವು, ಬರಹವೆಲ್ಲ ಮರಾಠಿಯ ಹಳೇ ಮೋಡಿ ಲಿಪಿ. ಲೇಖಣಿ ಎತ್ತದೆ ಒಂದೇ ಎಳೆತದಲ್ಲಿ ಬರೆದ ಸಾಲು, ಪದ ಎಲ್ಲಿ ಮುಗಿಯಿತು ಅಂತಲೂ ಬಿಡಿಸಲಾಗದಂಥದ್ದು. ಅಲ್ಲಿಂದ ಬಂದ ದಿನ ಸರ್ ಒಂದೇ ಸಮ ಸೀನುತ್ತಿದ್ದರು. ನನಗೂ ಮೋಡಿ ಕಲಿಸಲು ನೋಡಿದರು. ನಾನು ಆರು ಅಕ್ಷರಕ್ಕೆ ಶರಣಾದೆ.

ಯಾವ ಯುದ್ಧದ ಪಾಠವಾದರೂ ಅವರ ಮೊದಲ ಪ್ರಶ್ನೆ: "ಕುದುರಿ ಏನ ತಿಂದ್ವು?" ರಾಜ, ಸೇನಾಪತಿ, ಇಸವಿ ಎಲ್ಲ ಆಮೇಲೆ. ಹುರಳಿ ಎಲ್ಲಿಂದ ಬಂತು, ಹೊಳೆ ಹೇಗೆ ದಾಟಿದರು, ಲಂಬಾಣಿಗಳ ಎತ್ತಿನ ಹಿಂಡು ಕಾಳು ಹೇರಿಕೊಂಡು ಎಷ್ಟು ದಿನಕ್ಕೆ ಬಂದು ಮುಟ್ಟಿತು. ಬೋರ್ಡ್ ಪರೀಕ್ಷೆಯಲ್ಲಿ ಇದನ್ನು ಯಾರೂ ಕೇಳಲಿಲ್ಲ ಅನ್ನುವುದು ಬೇರೆ ಮಾತು.

ನನ್ನ ಅಪ್ಪ ಖಡಕಿಯ ಅಮ್ಯುನಿಷನ್ ಫ್ಯಾಕ್ಟರಿಯಲ್ಲಿದ್ದರು, ನಾವು ಅಲ್ಲೇ ಕ್ವಾರ್ಟರ್ಸ್‌ನಲ್ಲಿ. ಅದು ಗೊತ್ತಾದದ್ದೇ ಸರ್ ನನ್ನನ್ನು ಹೊಸ ಕಣ್ಣಿನಿಂದ ನೋಡಿದರು. "ರಣಭೂಮಿಯೊಳಗ ಮಲಗಿ ಏಳತಿಯಲ್ಲೋ!" ಒಂದು ಬೆಳಿಗ್ಗೆ ನಾಲ್ವರು ಹುಡುಗರನ್ನು ಕಟ್ಟಿಕೊಂಡು ವಿದ್ಯಾಪೀಠದ ಗೇಟಿನಿಂದ ಖಡಕಿವರೆಗೆ ನಡೆಸಿದರು. ಗಣೇಶಖಿಂಡದ ಆ ದಿಕ್ಕಿನಿಂದಲೇ 1817ರ ನವೆಂಬರ್ 5ರಂದು ಪೇಶ್ವೆಯ ಸೇನಾಪತಿ ಬಾಪು ಗೋಖಲೆಯ ದಂಡು ಇಂಗ್ಲಿಷರ ಮೇಲೆ ಇಳಿದು ಬಂತು. ಮರಾಠರ ಪೇಶ್ವೆ ಎರಡನೇ ಬಾಜಿರಾಯ ಪಾರ್ವತಿ ಗುಡ್ಡದ ಮೇಲೆ ನಿಂತು ನೋಡುತ್ತಿದ್ದ. ಇಂಗ್ಲಿಷರ ಕಡೆ ಮೂರು ಸಾವಿರವೂ ಇರಲಿಲ್ಲ. ಗೋಖಲೆ ಸುಮಾರು 6,000 ಕುದುರೆಗಳನ್ನು ನುಗ್ಗಿಸಿದ. ಇಂಗ್ಲಿಷರ ಸಾಲಿನ ಮುಂದೆ ಒಂದು ಆಳವಾದ ಕೆಸರಿನ ತಗ್ಗಿತ್ತು, ಎರಡೂ ಕಡೆಯವರಿಗೆ ಅದರ ಸುಳಿವಿಲ್ಲ. ಓಟದಲ್ಲಿದ್ದ ಕುದುರೆ ಅದರಲ್ಲಿ ಹೂತವು, ಹಿಂದಿನವು ಮುಂದಿನವುಗಳ ಮೇಲೆ ಬಿದ್ದವು. ಸಂಜೆಯಾಗುವಷ್ಟರಲ್ಲಿ ಮರಾಠರ ಕಡೆ 500 ಮಂದಿ ಸತ್ತು ಗಾಯಗೊಂಡಿದ್ದರು, ಇಂಗ್ಲಿಷರ ಕಡೆ 86. ಅದೇ ದಿನ ನದಿಗಳ ಸಂಗಮದ ಹತ್ತಿರ, ಪೇಶ್ವೆಯ ದರಬಾರಿನಲ್ಲಿದ್ದ ಇಂಗ್ಲಿಷರ ಪ್ರತಿನಿಧಿ ಎಲ್ಫಿನ್‌ಸ್ಟನ್‌ನ ರೆಸಿಡೆನ್ಸಿಗೆ ಮರಾಠರು ಬೆಂಕಿ ಇಟ್ಟರು, ಅವನ ಪುಸ್ತಕ ಕಾಗದಗಳೆಲ್ಲ ಬೂದಿ. ಸರ್ ಆ ಪುಸ್ತಕಗಳಿಗೆ ಮರುಗಿದಷ್ಟು ಸೋತ ಪೇಶ್ವೆಗೆ ಮರುಗಲಿಲ್ಲ ಅಂತ ನನಗೆ ಆಗಲೂ ಅನಿಸಿತ್ತು.

ಇದೇ ಖಡಕಿ ಅಧ್ಯಾಯವನ್ನು ಚೊಕ್ಕ ಮಾಡುವಾಗ ನನ್ನ ಕೈ ತುರಿಸಿತು. ಸರ್ ಬರೆದದ್ದು ಬಹಳ ಒಣಕಲು ಅನಿಸಿ, ಅಧ್ಯಾಯದ ತಲೆಗೆ ನನ್ನದೇ ಒಂದು ವಾಕ್ಯ ಕೂಡಿಸಿದೆ: "ಅಂದು ಮೋಡ ಕವಿದಿತ್ತು, ತಣ್ಣನೆಯ ಗಾಳಿ ಬೀಸುತ್ತಿತ್ತು." ಹದಿನಾಲ್ಕು ಪುಟದಲ್ಲಿ ಒಂದು ಸಾಲು, ಯಾರು ನೋಡುತ್ತಾರೆ?

ಮುಂದಿನ ಐತವಾರ ಸರ್ ಆ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಸಿಟ್ಟಿನ ಮುಖವಲ್ಲ, ಏನೋ ಕಳಕೊಂಡವರ ಮುಖ.

"ಈ ಮೋಡ ಎಲ್ಲಿಂದ ಬಂತೋ ತಮ್ಮಾ?"

ನಾನು ಸುಮ್ಮನಿದ್ದೆ.

"ಯಾವ ಕಾಗದದಾಗ ಅದ? ನಾ ಮೋಡಿ ಕಲಿ ಅಂದ್ರ ನೀ ಮೋಡ ಕಲತಿ."

ಎದ್ದು ಹೋಗಿ ಗ್ರಾಂಟ್ ಡಫ್ ಬರೆದ ಮರಾಠರ ಇತಿಹಾಸ ತಂದರು, 1826ರಲ್ಲಿ ಮೊದಲು ಅಚ್ಚಾದದ್ದು. ಡಫ್ ಆ ದಿನ ಇಂಗ್ಲಿಷರ ಸೈನ್ಯದಲ್ಲಿ ಅಲ್ಲೇ ಇದ್ದವ. ಸರ್ ಬೆರಳಿಟ್ಟು ಓದಿ, ಕನ್ನಡದಲ್ಲಿ ಹೇಳಿದರು: ಮಧ್ಯಾಹ್ನ, ವಿಪರೀತ ಸೆಕೆ, ಎಲೆ ಅಲುಗದಷ್ಟು ಗಾಳಿ ಸತ್ತಿತ್ತು, ಕುದುರೆಯ ಗೊರಸು ಮತ್ತು ತೋಪಿನ ಗಾಲಿಯ ಸದ್ದು ಬಿಟ್ಟರೆ ಬೇರೇನೂ ಇಲ್ಲ. ನನ್ನ ತಣ್ಣನೆಯ ಗಾಳಿ ಬರೀ ಕಲ್ಪನೆಯಲ್ಲ, ಹಸೀ ಸುಳ್ಳು.

ಸೋತವನ ಹಟದಲ್ಲಿ ಕೇಳಿದೆ: "ದಂಡು ಹೊರಡುವಾಗ ಮರಾಠರ ನಿಶಾನೆ ಜರಿಪಟಕಾದ ಕೋಲು ಮುರೀತು ಅಂತ ನೀವೇ ಬರೆದೀರಿ ಸರ್. ಅದು ಕಥೆ ಅಲ್ಲವಾ?"

"ಅದಕ್ಕೂ ಕಾಗದ ಅದ," ಅಂದವರೇ ಕೆಂಪು ಪೆನ್ಸಿಲ್‌ನಿಂದ ನನ್ನ ಮೋಡವನ್ನು ಹೊಡೆದುಹಾಕಿದರು. ಆ ಇಡೀ ಹಾಳೆ ನಾನು ಮತ್ತೆ ಬರೆಯಬೇಕಾಯಿತು.

ಯುದ್ಧದ ಇತಿಹಾಸ ಎರಡು, ಕಾದಂಬರಿ ಮೂರು. ಅವರ ಒಟ್ಟು ಗಳಿಕೆ ಇಷ್ಟು. ಇತಿಹಾಸದವರು ಇವರನ್ನು ಕಾದಂಬರಿಕಾರ ಅಂದರು, ಸಾಹಿತಿಗಳು ಸ್ಕೂಲ್ ಮಾಸ್ತರ ಅಂದರು. ಒಬ್ಬ ಪ್ರಕಾಶಕರು ಗೌರವಧನದ ಬದಲು ಪುಸ್ತಕದ ಪ್ರತಿಗಳನ್ನೇ ಕೊಟ್ಟು ಕೈತೊಳೆದುಕೊಂಡರು. ಆ ಗಂಟು ನಾನೇ ಸ್ವಾರ್‌ಗೇಟ್‌ನಿಂದ ರಿಕ್ಷಾದಲ್ಲಿ ತಂದದ್ದು. ರಿಕ್ಷಾದ ಬಾಡಿಗೆ ಕೊಟ್ಟವರು ಸರ್.

ನಾನು ಕಾಲೇಜಿಗೆ ಹೋದ ಮೇಲೂ ಐತವಾರ ತಪ್ಪಲಿಲ್ಲ. ಆಗ ಅವರ ತಲೆ ತುಂಬ ಧೋಂಡಿಯಾ ವಾಘ್. ಚನ್ನಗಿರಿಯವನು, ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕೈದಿ. 1799ರ ಮೇ 4ರಂದು ಕೋಟೆ ಬಿದ್ದಾಗ ಹೊರಬಿದ್ದು, ದಂಡು ಕಟ್ಟಿ, 'ಉಭಯಲೋಕಾಧೀಶ್ವರ' ಅಂತ ಬಿರುದು ಇಟ್ಟುಕೊಂಡವ. ಖಡಕಿಯಿಂದ ಇವನ ಹತ್ತಿರಕ್ಕೆ ಸರ್ ಹೋದದ್ದು ಬಾಪು ಗೋಖಲೆಯ ದಾರಿ ಹಿಡಿದು. ಬಾಪುವಿನ ಚಿಕ್ಕಪ್ಪ ಧೋಂಡೋಪಂತ ಗೋಖಲೆಯನ್ನು 1800ರಲ್ಲಿ ಕಿತ್ತೂರಿನ ಕಡೆ ಕೊಂದವನು ಇದೇ ಧೋಂಡಿಯಾ. ಅದೇ ವರ್ಷ ಸೆಪ್ಟೆಂಬರ್ 10ರಂದು ಕೋನಗಲ್‌ನಲ್ಲಿ ಇಂಗ್ಲಿಷರ ದಂಡನಾಯಕ ಆರ್ಥರ್ ವೆಲ್ಲೆಸ್ಲಿ ನಾಲ್ಕು ಕುದುರೆ ರೆಜಿಮೆಂಟ್‌ಗಳನ್ನು ಒಂದೇ ಸಾಲಿನಲ್ಲಿ ನುಗ್ಗಿಸಿ ಅವನನ್ನು ಮುಗಿಸಿದ. ಧೋಂಡಿಯಾನ ಸಾಮಾನು ಸರಂಜಾಮಿನ ನಡುವೆ ಒಂದು ಕೂಸು ಸಿಕ್ಕಿತು. ಸಲಾಬತ್ ಖಾನ್, ನಾಲ್ಕು ವರ್ಷದವನು, ಧೋಂಡಿಯಾನ ಮಗ. ವೆಲ್ಲೆಸ್ಲಿ ಅವನನ್ನು ತನ್ನ ಡೇರೆಗೆ ಒಯ್ದ, ಇಂಡಿಯಾ ಬಿಡುವಾಗ ಅವನ ಪಾಲನೆಗೆ ದುಡ್ಡು ಇಟ್ಟು ಹೋದ. ಹುಡುಗ ಮುಂದೆ ಮೈಸೂರು ಅರಸರ ಚಾಕರಿ ಸೇರಿ, 1822ರಲ್ಲಿ ಕಾಲರಾದಿಂದ ತೀರಿಕೊಂಡ.

ಇತಿಹಾಸದ ಪುಸ್ತಕದಲ್ಲಿ ಸರ್ ಈ ಹುಡುಗನಿಗೆ ಕೊಟ್ಟದ್ದು ನಾಲ್ಕು ಸಾಲು. ಕೊನೆಯ ಕಾದಂಬರಿ ಪೂರ್ತಿ ಅವನದು. ತಮಾಷೆ ಅಂದರೆ, ಮೊದಲ ನಲವತ್ತು ಪುಟ ಆ ಹುಡುಗ ಬಾಯೇ ಬಿಡುವುದಿಲ್ಲ. ಕನ್ನಡ ಆಡುತ್ತಿದ್ದನೋ ದಖನಿ ಉರ್ದುವೋ ಅಂತ ಯಾವ ಕಾಗದವೂ ಹೇಳದ ಕಾರಣ ಸರ್ ಅವನನ್ನು ಮೂಕನಾಗಿ ಕೂಡಿಸಿಬಿಟ್ಟರು. "ಕಾದಂಬರಿ ಅಲ್ಲರಿ ಸರ್ ಇದು, ಅಳಸರೆ ಅಳಸ್ರಿ" ಅಂದೆ. "ಅತ್ತದ್ದು ಯಾವ ಭಾಷಾದಾಗ?" ಅಂದರು. ನನ್ನ ಅಭಿಪ್ರಾಯ ಇವತ್ತಿಗೂ ಅದೇ: ಅವರ ಇತಿಹಾಸ ಕಾದಂಬರಿಯ ಹಾಗೆ ಓಡುತ್ತದೆ, ಕಾದಂಬರಿ ಕೋರ್ಟಿನ ಜಬಾನಿಯ ಹಾಗೆ ಕಾಲೆಳೆಯುತ್ತದೆ.

ಆ ಪುಸ್ತಕದ ಕೆಲಸ ಮುಗಿಯುತ್ತ ಬಂದಿದ್ದಾಗ ಒಂದು ಸಂಜೆ ಸರ್ ತಾವೇ ಖಡಕಿಯ ನಮ್ಮ ಮನೆಗೆ ಬಂದರು, ಬಸ್ಸಿನಲ್ಲಿ, ಬಗಲಲ್ಲಿ ವಹಿ. ಅವ್ವ ಚಹಾಕ್ಕಿಡಲು ಒಳಗೆ ಹೋದಳು. ಕೂಡುವ ಮೊದಲೇ ವಹಿ ತೆಗೆದರು. ಯುದ್ಧದ ಮರುದಿನ ವೆಲ್ಲೆಸ್ಲಿ ಕೆನರಾದ ಕಲೆಕ್ಟರ್ ಥಾಮಸ್ ಮನ್ರೋಗೆ ಬರೆದ ಪತ್ರದಿಂದ ಇಳಿಸಿಕೊಂಡ ಒಂದು ಸಾಲು: ಹಿಂದಿನ ರಾತ್ರಿ ಬಹಳ ಕೆಟ್ಟದಾಗಿತ್ತು, ಕುದುರೆಗಳು ದಣಿದಿದ್ದವು, ಧೋಂಡಿಯಾ ಹತ್ತಿರದಲ್ಲೇ ಇದ್ದರೂ ಮುಂದೆ ಹೋಗಲಾಗಲಿಲ್ಲ.

"ಕೆಟ್ಟ ರಾತ್ರಿ ಅಂದ್ರ ಮಳಿಗಾಲದ ರಾತ್ರಿ. ನಿನ್ನ ಮೋಡಕ್ಕ ಜಾಗಾ ಸಿಕ್ತು," ಅಂದು ಪೆನ್ನು ನನ್ನ ಕೈಗೆ ಕೊಟ್ಟರು. "ಬರಿ."

ವಹಿಯಲ್ಲಿ ಒಂದು ಸಾಲಿನಷ್ಟು ಜಾಗ ಬಿಟ್ಟಿದ್ದರು. ಹುಡುಗ ಡೇರೆಯ ಬಾಗಿಲಲ್ಲಿ ಅಪ್ಪನ ಕುದುರೆ ನೋಡುತ್ತ ಕೂತಿರುವ ಪುಟ ಅದು. ನಾನು ಒಂಬತ್ತನೇ ಇಯತ್ತೆಯ ಅದೇ ವಾಕ್ಯವನ್ನು, ಅದೇ ದುಂಡನೆಯ ಅಕ್ಷರದಲ್ಲಿ ಬರೆದೆ. ಸರ್ ಕನ್ನಡಕ ಏರಿಸಿ ಓದಿದರು, ತಲೆ ಆಡಿಸಿದರು. ಆಮೇಲೆ ಅಂಗಿಯ ಕಿಸೆಯಿಂದ ಕೆಂಪು ಪೆನ್ಸಿಲ್ ಹೊರಬಂತು.

ಪುಸ್ತಕ ನನ್ನ ಹತ್ತಿರ ಈಗಲೂ ಇದೆ, ರಿಕ್ಷಾದಲ್ಲಿ ತಂದ ಆ ಗಂಟಿನದಲ್ಲ, ಸರ್ ಸಹಿ ಹಾಕಿ ಕೊಟ್ಟದ್ದು. "ಮೋಡ ಕವಿದಿತ್ತು" ಅನ್ನುವ ಎರಡು ಪದ ಅದರಲ್ಲಿ ನನ್ನವು. ಗಾಳಿಯನ್ನು ಮಾತ್ರ ಅವರು ಬೀಸಗೊಡಲಿಲ್ಲ.