ಇಂಜಿನ್ ಕುದೀತಿದೆ, ರೇಡಿಯೇಟರ್ ತಣ್ಣಗಿದೆ

ನನ್ನ ಸ್ಪೀಡ್‌ಸ್ಟರ್ (ಪೋರ್ಷೆಯವ್ರ ಹಳೇ ಓಪನ್ ಕಾರು) ಅಸಲಿ ಅಲ್ಲ, ಮೊದಲೇ ಹೇಳ್ಬಿಡ್ತೀನಿ. ಕೆಳಗೆ ಕತ್ತರಿಸಿ ಗಿಡ್ಡ ಮಾಡಿದ ಫೋಕ್ಸ್‌ವ್ಯಾಗನ್ ಬೀಟಲ್ ಚಾಸಿ, ಮೇಲೆ ಪೋರ್ಷೆ 356 ಆಕಾರದ ಫೈಬರ್ ಬಾಡಿ, ಹಿಂದೆ ಸುಬಾರು 2.5 ಲೀಟರ್ ಇಂಜಿನ್. ಅಸಲಿ 356 ಏರ್‌ಕೂಲ್ಡ್, ಅಂದ್ರೆ ಇಂಜಿನ್ ಗಾಳೀಲೇ ತಣ್ಣಗಾಗುತ್ತೆ, ಅದಕ್ಕೇ ಮುಂದೆ ಮೂತೀಲಿ ಗಾಳಿ ನುಗ್ಗೋಕೆ ದಾರೀನೇ ಇಲ್ಲ. ಸುಬಾರುಗೋ ನೀರು ಬೇಕು. ಹಿಂದೇನೇ ಎಲ್ಲಾದ್ರೂ ರೇಡಿಯೇಟರ್ ತುರುಕೋಣ ಅಂದ್ರೆ ಅಲ್ಲಿ ಇಂಜಿನ್ ಬಿಸಿನೇ ಸುತ್ತುತ್ತೆ, ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಬೇಸಿಗೇಲಿ 40 ಡಿಗ್ರಿ ದಾಟಿದಾಗ ಅದು ಆಗೋ ಮಾತಲ್ಲ. ಪೋರ್ಷೆಯವ್ರೇ 1997ರಲ್ಲಿ 911ಗೆ ನೀರಿನ ಇಂಜಿನ್ ಹಾಕ್ದಾಗ ರೇಡಿಯೇಟರ್‌ಗಳನ್ನ ಮುಂದೇನೇ ಇಟ್ರಲ್ಲ.

ಸರಿ ಅಂತ ಸ್ಟೆಪ್ನಿ ಇಡೋ ಗುಂಡಿ ಕುಯ್ದು, ರೇಡಿಯೇಟರ್‌ನ ಓರೆಯಾಗಿ ಮಲಗಿಸಿ, ಕೆಳಗಿಂದ ಗಾಳಿ ಬರೋ ಹಾಗೆ ತಗಡಲ್ಲಿ ಡಕ್ಟ್ ಮಾಡ್ದೆ. ಸುತ್ತ ಸಂದೆಲ್ಲ ಫೋಮ್ ಹಾಕಿ ಮುಚ್ಲೇಬೇಕು, ಇಲ್ಲಾಂದ್ರೆ ಗಾಳಿ ಪಕ್ಕದಿಂದ ಜಾರ್ಕೊಂಡು ಹೋಗ್ಬಿಡುತ್ತೆ. ಫ್ಲೋರ್ ಕೆಳಗೆ ಹಿಂದಿಂದ ಮುಂದಕ್ಕೆ ಎರಡು ಅಲ್ಯೂಮಿನಿಯಂ ಪೈಪ್.

ಸ್ಟಾರ್ಟ್ ಮಾಡಿ ಹದಿನೈದು ನಿಮಿಷಕ್ಕೆ ಗೇಜ್ 110. ಹಿಂದಿಂದ ಬುಸ್ ಅಂತ ಹಬೆ. ನನ್ನ ಹೆಂಡ್ತಿ ಕಿಟಕಿಯಿಂದ "ಏನ್ರೀ, ಇಡ್ಲಿ ಇಟ್ರಾ?" ಅಂದ್ಲು. ಓಡಿಹೋಗಿ ರೇಡಿಯೇಟರ್ ಮುಟ್ಟಿ ನೋಡಿದ್ರೆ ಮಡಕೆ ನೀರಿನ ಥರ ತಣ್ಣಗಿದೆ!

ಪೈಪಲ್ಲಿ ಗಾಳಿ ಸಿಕ್ಕಿರ್ಬೇಕು ಅಂತ ಮುಂಭಾಗ ಜ್ಯಾಕ್ ಮಾಡಿ ಎತ್ತಿ, ರೇಡಿಯೇಟರ್ ತುದೀಲಿರೋ ಸ್ಕ್ರೂ ಸಡಿಲಿಸಿ, ಗುಳುಗುಳು ನಿಲ್ಲೋವರ್ಗೂ ಕೂಲಂಟ್ ಸುರಿದೆ, ಇದೇ ಕೆಲಸ ಮೂರು ಭಾನುವಾರ, ತಲೆ ಕೆಟ್ಟು ಮೊಸರಾಯ್ತು.

ತಪ್ಪು ನಂದೇ. ಎಷ್ಟೋ ಇಂಜಿನಲ್ಲಿ ಥರ್ಮೋಸ್ಟಾಟ್ (ಬಿಸಿ ತಾಗಿದ್ರೆ ಬಾಯಿ ತೆರೆದು ರೇಡಿಯೇಟರ್ ಮೂಲಕ ನೀರು ಹರಿಯೋಕೆ ಬಿಡೋ ಕವಾಟ) ಬಿಸಿನೀರು ಹೊರಗೆ ಹೋಗೋ ಕಡೆ ಇರುತ್ತೆ, ಸುಬಾರೂಲಿ ಅದು ವಾಟರ್ ಪಂಪ್ ಕೆಳಗೆ, ರೇಡಿಯೇಟರಿಂದ ನೀರು ವಾಪಸ್ ಬರೋ ಕಡೆ. ಅದಕ್ಕೆ ಬಿಸಿ ತಾಗ್ಬೇಕು ಅಂದ್ರೆ ಹೀಟರ್ ಪೈಪಿನ ಮೂಲಕ ಇಂಜಿನ್ ನೀರು ಸುತ್ತಿ ಬರ್ಬೇಕು. ಓಪನ್ ಕಾರಿಗೆ ಹೀಟರ್ ಯಾಕೆ ಅಂತ ನಾನು ಜಾಣನ ಥರ ಆ ಎರಡೂ ಪೈಪ್‌ಗೆ ಬಿರಡೆ ಹಾಕ್ಬಿಟ್ಟಿದ್ದೆ. ಇಂಜಿನ್ ಕುದೀತಿದ್ರೂ ಥರ್ಮೋಸ್ಟಾಟ್ ಪಾಪ ತಣ್ಣೀರಲ್ಲಿ ಕೂತಿತ್ತು, ಅದ್ಯಾಕೆ ಬಾಯಿ ಬಿಡುತ್ತೆ?

ಬಿರಡೆ ಕಿತ್ತು ಆ ಎರಡು ಪೈಪ್‌ನೂ ಒಂದಡಿ ರಬ್ಬರ್ ಹೋಸಲ್ಲಿ ಒಂದಕ್ಕೊಂದು ಜೋಡಿಸ್ದೆ. ಅಷ್ಟೇ. ಸ್ವಲ್ಪ ಹೊತ್ತಿಗೆ ಮುಂದಿನ ಪೈಪ್ ಕೈ ಇಡೋಕಾಗದಷ್ಟು ಸುಡ್ತು, ಆಮೇಲೆ ಫ್ಯಾನ್ ತಾನಾಗೇ ತಿರುಗ್ತು, ಗೇಜ್ 90ರಲ್ಲಿ ನಿಂತು ಅಲ್ಲಾಡ್ಲಿಲ್ಲ.

ಈಗಿರೋ ತಕರಾರು ಒಂದೇ, ಪೈಪ್ ಫ್ಲೋರ್‌ಗೆ ಅಂಟ್ಕೊಂಡೇ ಹೋಗೋದ್ರಿಂದ ಕಾಲು ಬೇಯುತ್ತೆ. ಹೀಟರ್ ಬೇಡ ಅಂದವನಿಗೆ ಬೇಸಿಗೇಲಿ ಪುಕ್ಕಟೆ ಹೀಟರ್.