ಡ್ರೈನ್ ನಿಂತುಹೋದರೆ?

ಬೈಪಾಸ್ ಆಪರೇಷನ್ ಮುಗಿಸಿ ರೋಗಿಯನ್ನು ಥಿಯೇಟರಿನಿಂದ ಐಸಿಯುಗೆ ತರುವಾಗ ಇರುವ ಗಡಿಬಿಡಿ ನೋಡಿದವರಿಗೇ ಗೊತ್ತು. ಒಬ್ಬರು ವೆಂಟಿಲೇಟರ್ ಜೋಡಿಸುತ್ತಿರುತ್ತಾರೆ, ಇನ್ನೊಬ್ಬರು ಮಾನಿಟರಿನ ವೈರು ಬದಲಿಸುತ್ತಿರುತ್ತಾರೆ. ಅಷ್ಟರಲ್ಲಿ ಅನಸ್ತೇಷಿಯಾ ಡಾಕ್ಟರು ಆಪರೇಷನ್ನಿನ ವಿವರವನ್ನೆಲ್ಲ ಹೇಳಿ ಮುಗಿಸಿರುತ್ತಾರೆ. ಕೈತುಂಬ ಕೆಲಸ ಇರುವವರ ಕಿವಿಗೆ ಅದರಲ್ಲಿ ಎಷ್ಟು ಬೀಳಬೇಕು?

ಅದಕ್ಕೇ ನಾವು ಯಂತ್ರಗಳೆಲ್ಲ ಜೋಡಣೆಯಾದ ಮೇಲೆಯೇ ಹ್ಯಾಂಡೋವರ್, ಅಂದರೆ ರೋಗಿಯನ್ನು ವಿವರ ಸಮೇತ ಐಸಿಯು ತಂಡಕ್ಕೆ ಒಪ್ಪಿಸುವುದು, ಶುರುಮಾಡುತ್ತೇವೆ. ಒಬ್ಬರು ಮಾತಾಡುವಾಗ ಉಳಿದವರು ಬೇರೆ ಕೆಲಸ ಮುಟ್ಟುವ ಹಾಗಿಲ್ಲ. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯವರು ಫಾರ್ಮುಲಾ ಒನ್ ಕಾರ್ ರೇಸಿನ ನಡುವೆ ಚಕ್ರ ಬದಲಿಸುವ ಪಿಟ್ ತಂಡಗಳನ್ನು ನೋಡಿ ಇಂಥ ಶಿಸ್ತು ರೂಪಿಸಿಕೊಂಡರು. ಅವರ ಅಧ್ಯಯನ 2007ರಲ್ಲಿ ಪ್ರಕಟವಾಯಿತು.

ಒಂದು ಸಂಜೆ ಅನಸ್ತೇಷಿಯಾ ಡಾಕ್ಟರು, "ಡ್ರೈನ್ ತುಂಬಾ ಕಡಿಮೆ, ಚಿಂತೆಯಿಲ್ಲ" ಅಂದರು. ಡ್ರೈನ್ ಅಂದರೆ ಆಪರೇಷನ್ ಆದ ಮೇಲೆ ಎದೆಯೊಳಗಿನ ರಕ್ತ ಹೊರಬರಲು ಇಟ್ಟ ಕೊಳವೆ, ಅದರಲ್ಲಿ ಬರುವ ರಕ್ತ. ಎಲ್ಲರೂ ತಲೆಯಾಡಿಸಿದೆವು. ರೋಗಿಯನ್ನು ವಹಿಸಿಕೊಳ್ಳುತ್ತಿದ್ದ ಸಿಸ್ಟರ್ ನಮ್ಮಲ್ಲೇ ಕಿರಿಯವಳು. ಕೇಳಿಸಿಕೊಂಡದ್ದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳತೊಡಗಿದಳು. ಹ್ಯಾಂಡೋವರಿನಲ್ಲಿ ಏನೇನು ಹೇಳಬೇಕೆಂದು ಹಂತಹಂತವಾಗಿ ಗೊತ್ತುಮಾಡಿದ ಐ-ಪಾಸ್ ಎಂಬ ಕ್ರಮದಲ್ಲಿ ಇದೇ ಕೊನೆಯ ಹಂತ. ಹೊತ್ತಿಲ್ಲ ಅಂತ ಎಲ್ಲರೂ ಮೊದಲು ಬಿಡುವುದೂ ಇದನ್ನೇ. ನನಗೆ ಅತ್ಯಂತ ಬೇಸರ ತರುವ ಸಂಗತಿಯಿದು. ಈ ಕ್ರಮವನ್ನು 9 ಆಸ್ಪತ್ರೆಗಳಲ್ಲಿ ಅಳವಡಿಸಿ ನೋಡಿದಾಗ ವೈದ್ಯಕೀಯ ತಪ್ಪುಗಳು ಶೇ. 23ರಷ್ಟು ಇಳಿದವೆಂದು 2014ರಲ್ಲೇ ವರದಿಯಾಗಿದೆ.

"ಗಂಟೆಗೆ 200 ಮಿಲಿ ದಾಟಿದರೆ ಫೋನ್ ಮಾಡ್ತೀನಿ ಸರ್. ಪೂರ್ತಿ ನಿಂತುಹೋದರೆ?" ಎಂದು ಸಿಸ್ಟರ್ ಕೇಳಿದಳು.

ಬಾಗಿಲವರೆಗೆ ಹೋಗಿದ್ದ ಸರ್ಜನ್ ವಾಪಸ್ ಬಂದರು. ಎದೆಯ ಕೊಳವೆಯಲ್ಲಿ ರಕ್ತ ಬರುವುದು ನಿಂತರೆ ರಕ್ತಸ್ರಾವವೇ ನಿಂತಿರಬಹುದು. ಇಲ್ಲವೇ ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟಿ, ಒಳಗೇ ತುಂಬಿಕೊಂಡ ರಕ್ತ ಹೃದಯವನ್ನು ಅದುಮುತ್ತಿರಬಹುದು. "ಡ್ರೈನ್ ನಿಂತು, ಬಿಪಿ ಇಳಿದು, ಸಿವಿಪಿ ಏರಿದರೆ ಯಾರಿಗೂ ಕಾಯಬೇಡಮ್ಮ, ನೇರ ನನಗೇ ಫೋನ್ ಮಾಡು. ಎಕೋ ಮಷಿನ್ ಇಲ್ಲೇ ಇರಲಿ" ಅಂದರು. ಸಿವಿಪಿ ಅಂದರೆ ಹೃದಯಕ್ಕೆ ರಕ್ತ ಮರಳಿಸುವ ದೊಡ್ಡ ರಕ್ತನಾಳದ ಒತ್ತಡ, ಎಕೋ ಅಂದರೆ ಹೃದಯದ ಸ್ಕ್ಯಾನ್. ಅನಸ್ತೇಷಿಯಾ ಡಾಕ್ಟರೂ ಅದನ್ನೇ ಚಾರ್ಟಿನಲ್ಲಿ ಬರೆದರು.

ನಡುರಾತ್ರಿ ಆದದ್ದು ಅದೇ. ಬಾಟಲಿಯಲ್ಲಿ ರಕ್ತದ ಮಟ್ಟ ಇದ್ದಲ್ಲೇ ಇತ್ತು, ಬಿಪಿ ಜಾರತೊಡಗಿತು. ಅವಳು ಫೋನ್ ಮಾಡಿದಳು. ಡ್ಯೂಟಿ ಡಾಕ್ಟರು ಬರುವಷ್ಟರಲ್ಲಿ ಎಕೋ ಮಷಿನ್ ಹಾಸಿಗೆ ಪಕ್ಕದಲ್ಲಿತ್ತು. ಏನಾಗಿದೆ, ಮುಂದೇನು ಎಂದು ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ರೋಗಿಯನ್ನು ಮತ್ತೆ ಥಿಯೇಟರಿಗೆ ಒಯ್ದು ಹೆಪ್ಪು ತೆಗೆದರು. ಬೆಳಗಿನ ಶಿಫ್ಟಿನವರು ಬರುವ ವೇಳೆಗೆ ರೋಗಿಯ ಬಿಪಿ ಸ್ಥಿರವಾಗಿತ್ತು.

ನಮ್ಮ ಹ್ಯಾಂಡೋವರ್ ಹಾಳೆಯಲ್ಲಿ ಡ್ರೈನ್ ಎದುರು ಈಗ ಎರಡು ಕಾಲಂ ಇವೆ: ಹೆಚ್ಚಾದರೆ, ನಿಂತರೆ.