ಸವಳು ನೀರಿನ ಜೀವಿಗೆ ಡಿಸ್ಟಿಲ್ಡ್ ವಾಟರೇ ವಿಷ

ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಲ್ಯಾಬಿಗೆ ಮಹಾರಾಷ್ಟ್ರದ ಉಪ್ಪುನೀರಿನ ಲೋಣಾರ ಸರೋವರದ ನೀರು ತಂದರೆ ಮೊದಲು ಪಕ್ಕಕ್ಕಿಡಬೇಕಾದದ್ದು ಡಿಸ್ಟಿಲ್ಡ್ ವಾಟರ್ ಬಾಟಲಿ. ತೀವ್ರ ಲವಣಪ್ರಿಯ, ಅಂದರೆ ತೀರಾ ಉಪ್ಪಿನಲ್ಲೇ ಬೆಳೆಯುವ ಸೂಕ್ಷ್ಮಜೀವಿಗಳ ಕೋಶ ಒಡೆಯದೆ ನಿಲ್ಲುವುದೇ ಉಪ್ಪಿನ ಬಲದಿಂದ. ಡೈಲ್ಯೂಷನ್ನನ್ನು (ಮಾದರಿ ತೆಳುಮಾಡುವುದನ್ನು) ಮಾಮೂಲಿ 0.85% ಸಲೈನಿನಲ್ಲಿ ಮಾಡಿ ‘ಏನೂ ಬೆಳೆಯಲಿಲ್ಲ’ ಎಂದರೆ ತಪ್ಪು ನೀರಿನದಲ್ಲ. ಜೀವಿ ಬೆಳೆಸುವ ಮೀಡಿಯಾದಲ್ಲಿ ಎಷ್ಟು ಉಪ್ಪೋ ಡೈಲ್ಯೂಷನ್ನಿಗೂ ಅಷ್ಟೇ ಇರಲಿ.

ಲೋಣಾರದ ಉಪ್ಪಿನಂಶ ಬೇಸಿಗೆಗೊಂದು, ಮಳೆಗಾಲಕ್ಕೊಂದು. ಹಾಗಾಗಿ 3, 10, 20% ಮೂರೂ ಪ್ಲೇಟು ಹಾಕಿ. 20%ರದ್ದಕ್ಕೆ ಲೀಟರಿಗೆ ಉಪ್ಪು 200 ಗ್ರಾಂ, ಯೀಸ್ಟ್ ಎಕ್ಸ್‌ಟ್ರಾಕ್ಟ್ 10, ಕ್ಯಾಸಮಿನೋ ಆಸಿಡ್ 7.5, ಸೋಡಿಯಂ ಸಿಟ್ರೇಟ್ 3, ಪೊಟ್ಯಾಸಿಯಂ ಕ್ಲೋರೈಡ್ 2, ಮೆಗ್ನೀಸಿಯಂ ಸಲ್ಫೇಟ್ 1, ಅಗರ್ 20. ಇದು ಕ್ಷಾರದ ಕೆರೆ. ಸೋಡಿಯಂ ಕಾರ್ಬೊನೇಟ್ 18.5 ಗ್ರಾಂ ಬೇಕೇ ಬೇಕು. ಅದನ್ನು ಬೇರೆಯಾಗಿ ಆಟೊಕ್ಲೇವ್ ಮಾಡಿ, ಬಿಸಿ ಇರುವಾಗಲೇ ಬೆರೆಸಿ. ಒಟ್ಟಿಗೆ ಬೇಯಿಸಿದರೆ ತಳದಲ್ಲಿ ಬಿಳಿ ಗಷ್ಟು, ಅಗರ್ ಕಂದು, ಪ್ಲೇಟು ಗಟ್ಟಿಯಾಗುವುದಿಲ್ಲ. ಪ್ಲೇಟುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ 37 ಡಿಗ್ರಿಯಲ್ಲಿ ಮೂರು ನಾಲ್ಕು ವಾರ ಇಡಿ. ಒಣಗಿದ ಪ್ಲೇಟಿನ ಉಪ್ಪಿನ ಹರಳನ್ನೇ ಕಾಲನಿ ಎಂದು ಎಣಿಸಿದವರಿದ್ದಾರೆ!

ಗ್ರಾಂ ಸ್ಟೇನಿಗೆ (ಕೋಶಕ್ಕೆ ಬಣ್ಣ ಹಾಕಿ ನೋಡುವ ಪರೀಕ್ಷೆಗೆ) ಗಾಜಿನ ಮೇಲೆ ಸವರಿದ ಸ್ಮಿಯರನ್ನು ಬೆಂಕಿಗೆ ಹಿಡಿಯಬೇಡಿ. ಗಾಳಿಯಲ್ಲಿ ಒಣಗಿಸಿ, 2% ಅಸಿಟಿಕ್ ಆಮ್ಲದಲ್ಲಿ 5 ನಿಮಿಷ ಅದ್ದಿ. ಉಪ್ಪೂ ಹೋಗುತ್ತದೆ, ಕೋಶವೂ ಉಳಿಯುತ್ತದೆ.

ಚೆನ್ನಾಗಿ ಬೆಳೆಯಲು 3%ರೊಳಗೆ ಉಪ್ಪು ಸಾಕಾದರೆ ಅಲ್ಪ, 3ರಿಂದ 15 ಮಧ್ಯಮ, ಅದರ ಮೇಲೆ ತೀವ್ರ ಲವಣಪ್ರಿಯ. ಉಪ್ಪಿಲ್ಲದೆಯೂ ಬೆಳೆದರೆ ಬರೀ ಲವಣಸಹಿಷ್ಣು. ಎಡವಟ್ಟಾಗುವುದು ಉಪ್ಪು ಹಾಕದ ಈ ಸೊನ್ನೆ ಟ್ಯೂಬಿನಲ್ಲೇ: 25% ಕಲ್ಚರಿನ 0.1 ಮಿಲೀ ಹಾಕಿದರೆ 5 ಮಿಲೀ ಟ್ಯೂಬಿಗೆ ಸುಮಾರು 0.5% ಉಪ್ಪು ಜೊತೆಗೇ ಬಂತು. ಅದರಿಂದ ಮತ್ತೊಂದು ಸೊನ್ನೆ ಟ್ಯೂಬಿಗೆ ದಾಟಿಸಿ ನೋಡಿದ ಮೇಲೆ ಬರೆದುಕೊಳ್ಳಿ.

2020ರ ಜೂನಿನಲ್ಲಿ ಲೋಣಾರ ಗುಲಾಬಿಯಾಗಲು ಹ್ಯಾಲೊಆರ್ಕಿಯಾ (ಉಪ್ಪಿನಲ್ಲಿ ಬಾಳುವ ಆರ್ಕಿಯಾ ಗುಂಪಿನ ಸೂಕ್ಷ್ಮಜೀವಿ) ಕಾರಣವೆಂದು ಪುಣೆಯ ಆಘಾರ್ಕರ್ ಸಂಶೋಧನಾ ಸಂಸ್ಥೆ ಕಂಡುಕೊಂಡಿತು. ಅವು ಬ್ಯಾಕ್ಟೀರಿಯಾ ಅಲ್ಲ, ಹೆಸರು ಹ್ಯಾಲೊಬ್ಯಾಕ್ಟೀರಿಯಂ ಆದರೂ. ಹಾಗೆಂದು ಕೆಂಪು ಕಾಲನಿ ಎಲ್ಲವೂ ಆರ್ಕಿಯಾ ಎನ್ನಲಾಗದು. ಸ್ಯಾಲಿನಿಬ್ಯಾಕ್ಟರ್ ರೂಬರ್ ಅಪ್ಪಟ ಬ್ಯಾಕ್ಟೀರಿಯಾ.

ಹ್ಯಾಲೊಆರ್ಕಿಯಾದ ಡಿಎನ್‌ಎ ತೆಗೆಯುವಾಗ ಮಾತ್ರ ಡಿಸ್ಟಿಲ್ಡ್ ವಾಟರ್ ಬಾಟಲಿ ಎತ್ತಿಕೊಳ್ಳಿ, ಕೋಶ ತಾನೇ ಒಡೆಯುತ್ತದೆ. ಪ್ರಭೇದ ಗುರುತಿಸುವ 16ಎಸ್ ಜೀನ್ ನಕಲು ಮಾಡಲು ಬ್ಯಾಕ್ಟೀರಿಯಾದ 27ಎಫ್ ಪ್ರೈಮರ್ (ನಕಲು ಶುರುಮಾಡುವ ಡಿಎನ್‌ಎ ತುಣುಕು) ಬೇಡ, ಆರ್ಕಿಯಾದ 21ಎಫ್ ಹಾಕಿ. ಗೊತ್ತಿರುವ ಪ್ರಭೇದಗಳೊಂದಿಗೆ ಹೋಲಿಕೆ 98.7%ಕ್ಕಿಂತ ಕಡಿಮೆ ಬಂದರೆ ಹೊಸ ಪ್ರಭೇದವಿರಬಹುದು. ಸೀಕ್ವೆನ್ಸಿನಲ್ಲಿ ಜೋಡಿ ಪೀಕು ಕಂಡರೆ ಕಲ್ಚರ್ ಕೆಟ್ಟಿದೆಯೆಂದು ಎಸೆಯಬೇಡಿ: ಹ್ಯಾಲೊಆರ್ಕ್ಯುಲಾ ಎಂಬ ಹ್ಯಾಲೊಆರ್ಕಿಯಾದಲ್ಲಿ ಒಂದೇ ಕೋಶದ 16ಎಸ್ ಪ್ರತಿಗಳೇ ಒಂದಕ್ಕೊಂದು ಸುಮಾರು 5% ಬೇರೆ. ಆಗ 16ಎಸ್ ಬದಲು ಆರ್‌ಪಿಒಬಿ ಪ್ರೈಮ್ (rpoB′) ಜೀನ್ ನೋಡಿ.